ಅಪ್ಪನ ಗುಳಿಗೆಗಳ ಹಿಂಡು

ಮೊದಲೇ ಹೇಳಿಬಿಡುತ್ತೇನೆ, ನನಗೆ ಬರೆದು ಅಭ್ಯಾಸವಿಲ್ಲ. ಶಿಕಾರಿಪುರದ ಕಾಲೇಜೊಂದರಲ್ಲಿ ಅಟೆಂಡರ್ ನಾನು. ಬೇರೆಯವರು ಬರೆದದ್ದನ್ನು ಒಂದು ಟೇಬಲಿನಿಂದ ಇನ್ನೊಂದಕ್ಕೆ ಸಾಗಿಸಿ ಮಾತ್ರ ಗೊತ್ತು. ನಗು ಬರಬೇಕಾದಲ್ಲಿ ಬರದಿದ್ದರೆ ತಪ್ಪು ನನ್ನದು, ಅಪ್ಪನದಲ್ಲ. ನಮ್ಮ ಮನೆಯಲ್ಲಿ ಇಂಥದ್ದು ವಾರಕ್ಕೊಂದಾದರೂ ಆಗುತ್ತದೆ.

ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ. ಅಂದರೆ ಕೈ ನಡುಗುತ್ತದೆ, ನಡೆಯುತ್ತಿದ್ದ ಕಾಲು ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಗುಳಿಗೆ ಸರಿಯಾಗಿ ಬಿದ್ದರೆ ತಾನೇ ಊಟ ಮಾಡುತ್ತಾನೆ. ತಪ್ಪಿದರೆ ನಾವು ತಿನ್ನಿಸಬೇಕು. ಇನ್ನೊಬ್ಬರ ಕೈಯಿಂದ ತಿನ್ನುವುದೆಂದರೆ ಅವನಿಗೆ ಜೀವ ಹೋದಂತೆ. ಇದೊಂದು ನೆನಪಿರಲಿ.

ಗುರುತು

ಅಪ್ಪ ತಾಳಗುಂದದ ಕಡೆ ಕುರಿ ಸಾಕಿದವನು. ಓದು ಬರಹ ಇಲ್ಲ. ಕುರಿಯ ಬೆನ್ನಿಗೆ ಬಣ್ಣ ಹಚ್ಚುತ್ತಾರಲ್ಲ, ಬೇರೆಯವರ ಹಿಂಡಿಗೆ ಸೇರಿದರೆ ಗೊತ್ತಾಗಲಿ ಎಂದು? ನೋಡದವರಿಗಾಗಿ ಹೇಳುತ್ತಿದ್ದೇನೆ. ಶಿವಮೊಗ್ಗದ ಡಾಕ್ಟರು ನಡುಕಕ್ಕೆ ಕೊಟ್ಟ ಬಿಳಿ ಗುಳಿಗೆಗಳನ್ನು ಅಪ್ಪ ಸ್ಟ್ರಿಪ್ಪಿನಿಂದ ಬಿಡಿಸಿ, ಒಂದೊಂದಕ್ಕೂ ಕೆಮ್ಮಣ್ಣು ಸವರಿ ಡಬ್ಬಿಗೆ ಹಾಕಿದ.

"ಇದೇನಪ್ಪಾ ಮಾಡಿದಿ?"

"ನಿಮ್ಮವ್ವನ ಬಿಪಿ ಗುಳಿಗೀನೂ ಬೆಳ್ಳಗೇ ಅದಾವು. ತಪ್ಪಿಸ್ಕೊಂಡು ಆ ಕಡೆ ಹೋದ್ರೆ ಯಾರು ಹುಡುಕ್ತಾರೆ?"

ಸೊರಬದ ತಿಂಗಳು

ಸೊರಬದಲ್ಲಿ ಅಕ್ಕನ ಮನೆ. ಅಪ್ಪ ಅಲ್ಲಿ ಒಂದು ತಿಂಗಳಿದ್ದ. ನಡುಕದ ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದನಂತೆ. ಅಲ್ಲಿ ಯಾರೋ ವಾಂತಿಗೆ ಇನ್ನೊಂದು ಗುಳಿಗೆ ಕೊಟ್ಟರು. ಅದೂ ಬಿಳಿ. ಅಕ್ಕ ಅಪ್ಪನ ಮಗಳಲ್ಲವೇ? ಕುಂಕುಮ ಹಚ್ಚಿ ಕಳಿಸಿದಳು.

ಕೆಮ್ಮಣ್ಣು, ಕುಂಕುಮ ಒಂದೇ ಡಬ್ಬಿಯಲ್ಲಿ ಕುಲುಕಿ ಎಲ್ಲ ಕೆಂಪಾದವು. ಹೊತ್ತಿಗೆ ಅದೊಂದು ಇದೊಂದು ನುಂಗಬೇಕಾದವನಿಗೆ ಒಂದು ದಿನ ಎರಡೂ ನಡುಕದ್ದು, ಇನ್ನೊಂದು ದಿನ ಎರಡೂ ವಾಂತಿಯದು. ನಾನು ಎಸ್‌ಟಿಡಿ ಬೂತಿಗೆ ಓಡಿ ಅಕ್ಕನಿಗೆ ಫೋನು ಮಾಡಿದೆ.

"ಕೆಂಪು ಹಚ್ಚಿದ್ದು ಯಾಕೆ ಮಾರಾಯ್ತಿ? ನಮ್ಮವು ಯಾವು, ನಿಮ್ಮವು ಯಾವು ಅಂತ ಹೆಂಗೆ ಬೇರೆ ಮಾಡ್ಲಿ?"

"ನಂದು ತಿಳಿಗೆಂಪು ಕಣೋ. ಬೆಳಕಲ್ಲಿ ನೋಡು."

ಫೋನಿಟ್ಟೆ. ಬೂತಿನವನು ಕೇಳಿದ, "ಕುರಿ ವ್ಯಾಪಾರನೇನ್ರೀ?"

ಬಸ್ಸು

ಡಬ್ಬಿ ಸಮೇತ ಶಿವಮೊಗ್ಗಕ್ಕೆ ಹೊರಟೆವು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅಪ್ಪ ನಿಂತೇಬಿಟ್ಟ. ಹಿಂದೆ ಜನ ನೂಕುತ್ತಿದ್ದಾರೆ.

"ಅಜ್ಜಾ, ಹತ್ತತೀಯೋ ಇಳೀತೀಯೋ?" ಅಂದ ಕಂಡಕ್ಟರ್.

"ನನ್ನ ಕೇಳಬ್ಯಾಡ, ಕಾಲಿಗೆ ಕೇಳು. ಅದು ನನ್ನ ಮಾತು ಕೇಳೋದು ಬಿಟ್ಟು ಎರಡು ವರ್ಷ ಆತು."

ಡಾಕ್ಟರ ಕೋಣೆ

ಡಾಕ್ಟರು ಡಬ್ಬಿಯನ್ನು ಕಾಗದದ ಮೇಲೆ ಸುರಿದು, ಬೆರಳಿಗೆ ಹತ್ತಿದ ಕೆಂಪನ್ನು ನೋಡಿದರು.

"ಈ ವಾಂತಿ ಗುಳಿಗೆ ಇವರಿಗೆ ಆಗಲ್ಲ ರೀ. ಕಾಲು ಹಿಡಿಯೋದು ಇದರಿಂದ ಇನ್ನೂ ಹೆಚ್ಚಾಗುತ್ತೆ. ನಡುಕದ್ದು ಹೆಚ್ಚಾದ್ರೆ ಇಲ್ಲದ್ದೆಲ್ಲ ಕಾಣುತ್ತೆ. ಏನಾದ್ರೂ ಕಾಣುತ್ತಾ ಅಜ್ಜ?"

"ಏನೂ ಇಲ್ಲ ಬಿಡ್ರಿ."

ನನಗೆ ಸಮಾಧಾನವಾಯಿತು. ಏಳುವಾಗ ಅಪ್ಪ ಮೇಜಿನ ಕೆಳಗೆ ಬಗ್ಗಿ ನೋಡಿದ. "ಆದ್ರೆ ಸಾಹೇಬ್ರೆ, ಈ ಟಗರಿಗೆ ಗುರುತು ಹಾಕಿಲ್ಲ ನೀವು. ಕಳಕೊಳ್ತೀರಿ."

ಹನ್ನೆರಡು ಕುರಿ

ವಾಂತಿಯದು ನಿಂತಿತು. ನಡುಕದ್ದು ಅಳತೆಗೆ ಬಂತು. ಕೆಲವು ದಿನಕ್ಕೆ ಅಪ್ಪ ತಾನೇ ರೊಟ್ಟಿ ಮುರಿದು ತಿಂದ. ಅವ್ವ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಗೆದ್ದೆವು ಅಂದುಕೊಂಡೆ. ಕೈ ತೊಳೆದು ಬಂದ ಅಪ್ಪ ನನ್ನ ಮುಂದೆ ನಿಂತ.

"ಮನ್ಯಾಗೆ ಹನ್ನೆರಡು ಕುರಿ ಇದ್ವು. ಯಾರಿಗೆ ಮಾರಿದಿ?"

"ಕುರಿ ಇರಲೇ ಇಲ್ಲಪ್ಪ. ಗುಳಿಗೆ ಹೆಚ್ಚಾಗಿ ಹಂಗೆ ಕಂಡಿದ್ದು."

"ಗುಳಿಗೆ ತಿಂದೋನು ನಾನು. ಕುರಿ ಕಳೆದೋನು ನೀನು."

ಕುರಿ ಬರುವವರೆಗೆ ಗುಳಿಗೆ ಮುಟ್ಟುವುದಿಲ್ಲ ಎಂದು ಹಟ ಹಿಡಿದ. ಸಾಕಾಗಿ, "ಅಂಬ್ಲಿಗೊಳದ ಕಡೆ ಮೇಯಕ್ಕೆ ಹೊಡ್ಕೊಂಡು ಹೋಗಿದಾರೆ" ಎಂದೆ. ತಕ್ಷಣ ಬಾಯಿ ತೆರೆದು ಗುಳಿಗೆ ನುಂಗಿದ. ನಾನು ಸುಳ್ಳು ಯಾಕೆ ಹೇಳಿದೆ ಎನ್ನುವುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಒಂದು ಹೊತ್ತಿನ ಗುಳಿಗೆ ತಪ್ಪಿದರೂ ಆ ಕೈ, ಅಂದರೆ ರೊಟ್ಟಿ ಮುರಿಯುವ ಕೈ...

ಅಪ್ಪ ಕೂಗುತ್ತಿದ್ದಾನೆ. ಹೊತ್ತು ಮುಳುಗಿತಂತೆ, ಕುರಿ ಇನ್ನೂ ಬಂದಿಲ್ಲವಂತೆ. ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ಕೋಲು ನಡುಗುತ್ತಿಲ್ಲ. ನಾನೀಗ ಹೋಗಿ ಹುಡುಕಬೇಕು. ಹುಡುಕುವುದೆಂದರೆ, ಹಿತ್ತಲಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ... ಬಂದೆ ಅಪ್ಪಾ, ಬಂದೆ!