ಭಾರವಿಲ್ಲದ ಮಚ್ಚಿನ ಪ್ರಭಾರ

ಉದ್ಯಾನ ಇಲಾಖೆಯ ಕಚೇರಿಗೂ ಅದರ ಹಿಂದಿನ ವಸತಿಗೃಹಗಳಿಗೂ ನಡುವಿನ ಕಾಲುದಾರಿಯಲ್ಲಿ ಪೊದೆ ಬೆಳೆದಿದೆ ಎಂಬ ಸಂಗತಿಯನ್ನು ಇಲಾಖೆ ಅಧಿಕೃತವಾಗಿ ಒಪ್ಪಿಕೊಂಡಿತು. ಅಂದಿನಿಂದ ಹಿರಿಯ ಗುಮಾಸ್ತರು ಮನೆಗೆ ಹೋಗುವುದು ನಿಂತಿತು.

ಅಲ್ಲಿಯವರೆಗೆ ಅವರು ದಿನಾ ಸಂಜೆ ಬೆನ್ನು ಬಗ್ಗಿಸಿ, ಅಂಗಿ ಹಿಡಿದೆಳೆಯುವ ಮುಳ್ಳನ್ನು ಬೈದುಕೊಳ್ಳುತ್ತ, ಅದೇ ಪೊದೆಯಲ್ಲಿ ನುಸುಳಿ ಮನೆ ಸೇರುತ್ತಿದ್ದರು. ಆದರೆ ಅಡಚಣೆಯೆಂದು ಘೋಷಿತವಾದ ಸ್ಥಳವನ್ನು ನೌಕರರು ದಾಟತಕ್ಕದ್ದಲ್ಲ. ಮುಂದಿನ ಗೇಟಿನಿಂದ ಸುತ್ತಿಕೊಂಡು ಹೋಗಬಹುದಿತ್ತು. ಹಾಗೆ ಹೋದವರಿಗೆ ಕಚೇರಿಯ ಹಿಂದೆಯೇ ಮನೆಯ ಅಗತ್ಯವಿಲ್ಲವೆಂದು ಭಾವಿಸಿ ಮನೆಯನ್ನು ವಾಪಸ್ ಪಡೆಯತಕ್ಕದ್ದು ಎಂದೂ ನಿಯಮವಿತ್ತು. ಮನೆಗೆ ಹೋದರೆ ಮನೆ ಹೋಗುತ್ತದೆ ಎನ್ನುವ ಈ ನಿಯಮದ ಕರಡು ಬರೆದವರು ಗುಮಾಸ್ತರೇ. ಬರೆಯುವಾಗ ಅದು ಬಹಳ ಚೆನ್ನಾಗಿ ಕಂಡಿತ್ತು.

ಹೀಗಾಗಿ ಅವರು ಹಳೆಯ ಕಡತಗಳ ಕೋಣೆಯ ಮೇಜಿನ ಮೇಲೆ ಮಲಗತೊಡಗಿದರು. ಹೆಂಡತಿ ಬಟ್ಟೆ ಒಣಹಾಕುವ ಗಳದ ತುದಿಗೆ ಊಟದ ಡಬ್ಬಿ ಸಿಕ್ಕಿಸಿ ಪೊದೆಯ ಮೇಲಿಂದ ದಾಟಿಸುತ್ತಿದ್ದರು.

“ಏನ್ರೀ, ಇದ್ದೀರಾ?”

“ಇದ್ದೀನಿ ಕಣೇ.”

“ನಮ್ಮಮ್ಮ ಕೊಟ್ಟ ಮಚ್ಚು ಮನೇಲೇ ಇದೆ. ತಂದು ನಾಲ್ಕು ಏಟು ಹಾಕಲಾ?”

“ಬೇಡ ಕಣೇ. ಅದಕ್ಕೆ ಸಮಿತಿ ಆಗಿದೆ.”

ಸಮಿತಿ ಆಗಿದ್ದು ನಿಜ. ಮಚ್ಚು ಹೇಗಿರಬೇಕೆಂಬ ಟಿಪ್ಪಣಿಯನ್ನು ಗುಮಾಸ್ತರೇ ಬರೆದರು. ಮನೆಯ ಹಂಬಲ ಇದ್ದುದರಿಂದ ಮನಸ್ಸಿಟ್ಟು ಬರೆದರು. ‘ಎಳೆ ಬಳ್ಳಿಗೆ ಉದ್ದನೆಯ, ಹಗುರವಾದ ಅಲಗು ಸಾಕು. ಬಲಿತ ಕೊಂಬೆಗೆ ಗಿಡ್ಡನೆಯ, ತುದಿ ದಪ್ಪವಿರುವ ಅಲಗು ಬೇಕು. ನಮ್ಮಲ್ಲಿ ಎರಡೂ ಬೆಳೆದಿರುವುದರಿಂದ ಅಲಗು ಒಂದು ಮೊಳವಿರಲಿ. ಮಚ್ಚಿನ ಭಾರವನ್ನು ಬೀಸುವವರ ಕೈ ನೋಡಿ ನಿರ್ಧರಿಸತಕ್ಕದ್ದು.’

“ಮೊಳ ಅಂದ್ರೆ ಯಾರ ಮೊಳ?” ಎಂದು ನಿರ್ದೇಶಕರು ಕೇಳಿದರು.

ಸಭೆಯಲ್ಲಿದ್ದವರೆಲ್ಲ ತೋಳು ಮಡಚಿ ಮೇಜಿನ ಮೇಲೆ ಮೊಣಕೈ ಊರಿದರು. ಟೇಪು ಹಿಡಿದು ಅಳೆಯುತ್ತ ಬಂದಾಗ ಉಪನಿರ್ದೇಶಕರ ಮೊಳ ನಿರ್ದೇಶಕರ ಮೊಳಕ್ಕಿಂತ ಎರಡು ಬೆರಳು ಉದ್ದವಿರುವುದು ಬೆಳಕಿಗೆ ಬಂತು. ಉಪನಿರ್ದೇಶಕರು ಮೆಲ್ಲಗೆ ಬೆರಳು ಮಡಚಿಕೊಂಡರು.

“ಸೆಕೆಗೆ ಸ್ವಲ್ಪ ಹಿಗ್ಗಿತ್ತು ಸಾರ್.”

ಅಳತೆಗೆ ನಿರ್ದೇಶಕರ ಮೊಳವೇ ಆಧಾರವಾಯಿತು. ಜೊತೆಗೆ, ಮೇಲಧಿಕಾರಿಗಳ ಗೌರವಕ್ಕಾಗಿ ಕಚೇರಿಯ ವೇಳೆಯಲ್ಲಿ ಎಲ್ಲ ನೌಕರರೂ ಬೆರಳು ಮಡಚಿಕೊಂಡೇ ಇರತಕ್ಕದ್ದು ಎಂಬ ಸುತ್ತೋಲೆ ಹೊರಟಿತು. ಬೆರಳಚ್ಚುಗಾರ್ತಿ ಗುಮಾಸ್ತರ ಟಿಪ್ಪಣಿಯನ್ನು ಮಡಚಿದ ಬೆರಳಿನಲ್ಲೇ ಅಚ್ಚು ಮಾಡಿದಳು. ‘ಮಚ್ಚಿನ ಭಾರ’ ಇದ್ದದ್ದು ‘ಮಚ್ಚಿನ ಪ್ರಭಾರ’ ಆಯಿತು. ನಿರ್ದೇಶಕರು ಸಹಿ ಹಾಕಿದರು.

“ಸಾರ್, ಇದು ಭಾರ ಅಂತ ಇರಬೇಕಿತ್ತು,” ಎಂದರು ಗುಮಾಸ್ತರು.

“ಸಹಿಗೆ ಮುಂಚೆ ಹೇಳಿದ್ರೆ ಅದು ತಪ್ಪು. ಸಹಿ ಆದ್ಮೇಲೆ ಅದು ತೀರ್ಮಾನ. ಮಚ್ಚಿಗೆ ಈಗ ಒಬ್ಬ ಪ್ರಭಾರ ಅಧಿಕಾರಿ ಬೇಕು. ನೀವೇ ಆಗಿ.”

“ಮಚ್ಚೇ ಇಲ್ಲವಲ್ಲ ಸಾರ್?”

“ಅಧಿಕಾರಿ ಇದ್ರೆ ಮಚ್ಚು ಹೇಗೋ ಬರುತ್ತೆ. ಮಚ್ಚು ಇದ್ದ ಮಾತ್ರಕ್ಕೆ ಯಾರಾದ್ರೂ ಅಧಿಕಾರಿ ಆಗ್ತಾರೇನ್ರೀ?”

ಗುಮಾಸ್ತರಿಗೆ ಪ್ರತ್ಯೇಕ ಕೋಣೆ, ಬಾಗಿಲಿಗೆ ಹಿತ್ತಾಳೆಯ ಫಲಕ, ಮೇಜಿಗೊಂದು ಕರೆಗಂಟೆ, ತಿರುಗುವ ಕುರ್ಚಿ ಎಲ್ಲ ಬಂದವು. ಸರ್ವೀಸಿನುದ್ದಕ್ಕೂ ಕಾಲು ಅಲ್ಲಾಡುವ ಕುರ್ಚಿಯಲ್ಲಿ ಕೂತ ಜೀವ. ಬಾಗಿಲು ಹಾಕಿಕೊಂಡು, ತಲೆ ಸುತ್ತುವವರೆಗೆ ಗಿರಗಿರನೆ ತಿರುಗಿದರು. ಖುಷಿಗೆ ಕಣ್ಣಲ್ಲಿ ನೀರು ಬಂತು.

ಆಮೇಲೆ ಮಚ್ಚೂ ಬಂತು. ಉದ್ದ ಸರಿಯಾಗಿ ನಿರ್ದೇಶಕರ ಮೊಳ. ಆದರೆ ಫ್ಯಾನ್ ಹಾಕಿದ ಕೂಡಲೇ ಅದು ಮೇಜಿನಿಂದ ಹಾರಿ ಕಿಟಕಿಯ ಪರದೆಗೆ ಅಂಟಿಕೊಂಡಿತು. ಗುತ್ತಿಗೆದಾರ ತಗಡಿನಲ್ಲಿ ಮಾಡಿಸಿದ್ದ.

“ಆದೇಶದಲ್ಲಿ ಭಾರ ಅಂತ ಎಲ್ಲಿದೆ, ತೋರಿಸಿ ಸ್ವಾಮಿ. ಇಲ್ಲದ್ದನ್ನ ನಾನು ಹೇಗೆ ಹಾಕಲಿ?” ಎಂದ.

ಅವನ ಮಾತಿನಲ್ಲಿ ಲೋಪ ಸಿಗಲಿಲ್ಲ. ನಿರ್ದೇಶಕರ ಸಮ್ಮುಖದಲ್ಲಿ ಗುಮಾಸ್ತರು ಮಚ್ಚು ಬೀಸಿದರು. ಅಲಗು ಮಡಚಿಕೊಂಡಿತು. ಪೊದೆಯಿಂದ ಒಂದು ಎಲೆ ಉದುರಿತು. ಹಣ್ಣಾಗಿದ್ದ ಎಲೆ ಅದು, ಹೇಗೂ ಉದುರುತ್ತಿತ್ತು. ಕಾರ್ಯ ಪ್ರಗತಿಯಲ್ಲಿದೆ ಎಂದು ವರದಿ ಹೋಯಿತು.

ಪೊದೆಯ ಆಚೆಯಿಂದ ಇದೆಲ್ಲವನ್ನೂ ಕೇಳಿಸಿಕೊಂಡ ಹೆಂಡತಿಗೆ ತಾಳ್ಮೆ ತಪ್ಪಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಮ್ಮ ಕೊಟ್ಟ ಮಚ್ಚು ಹಿಡಿದು, ಬುಡಬುಡಕ್ಕೆ ಬಾರಿಸುತ್ತ ಬಂದರು. ಗಿಡ್ಡ ಮಚ್ಚು, ತುದಿ ದಪ್ಪ. ಕಚೇರಿಯವರು ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ದಾರಿ ಬಟ್ಟಬಯಲಾಗಿತ್ತು. ಆಕೆ ಆ ತುದಿಯಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ತಲೆಗೂದಲಲ್ಲಿ ಒಂದು ಎಲೆ ಸಿಕ್ಕಿಕೊಂಡಿತ್ತು.

“ನಡೀರಿ ಮನೆಗೆ,” ಎಂದರು.

ಎಷ್ಟೋ ಕಾಲದ ಮೇಲೆ ಹೆಂಡತಿಯ ಮುಖ ಕಂಡು ಗುಮಾಸ್ತರು ಮನೆಯ ಕಡೆಗೆ ಒಂದು ಹೆಜ್ಜೆ ಎತ್ತಿದರು. ಅಷ್ಟರಲ್ಲಿ ನಿರ್ದೇಶಕರು ಆಕೆಯ ಮಚ್ಚನ್ನು ಕೇಳಿ ಪಡೆದು, ತಮ್ಮ ಮೊಣಕೈಗೆ ಹಿಡಿದು ನೋಡಿದರು.

“ಇದು ನನ್ನ ಮೊಳ ಅಲ್ಲ,” ಎಂದು ಮಚ್ಚನ್ನು ಆಕೆಗೇ ಹಿಂದಿರುಗಿಸಿದರು. “ಅಳತೆಗೆ ಹೊಂದದ ಮಚ್ಚಿನಿಂದ ಕಡಿದ ಪೊದೆಯನ್ನು ಕಡಿದಿಲ್ಲವೆಂದೇ ಭಾವಿಸತಕ್ಕದ್ದು. ಪ್ರಭಾರ ಅಧಿಕಾರಿಗಳು ಅದನ್ನ ದೃಢೀಕರಿಸಬೇಕು.” ಆಮೇಲೆ ದನಿ ತಗ್ಗಿಸಿದರು. “ಯೋಚನೆ ಮಾಡಿ. ಪೊದೆ ಹೋಯ್ತು ಅಂದ್ರೆ ನಿಮ್ಮ ಪ್ರಭಾರಾನೂ ಹೋಯ್ತು. ಹಳೇ ಕುರ್ಚಿ ಇನ್ನೂ ಎಸೆದಿಲ್ಲ.”

ಗುಮಾಸ್ತರು ಹೆಂಡತಿಯನ್ನು ನೋಡಿದರು. ತೆರೆದ ಬಾಗಿಲಿನಲ್ಲಿ ಹಿತ್ತಾಳೆಯ ಫಲಕವನ್ನೂ ನೋಡಿದರು. ಎತ್ತಿದ ಕಾಲು ಹಾಗೇ ಇತ್ತು. ಅದನ್ನು ಇದ್ದಲ್ಲೇ ಕೆಳಗಿಟ್ಟು, ಸಹಿ ಹಾಕಿದರು.

ಈಗ ಆ ದಾರಿಯಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ. ನಿರ್ದೇಶಕರು ಹಿತ್ತಲಿಗೆ ಬಂದರೆ ಪೊದೆಯ ಜಾಗವನ್ನು ಸುತ್ತುಹಾಕಿಕೊಂಡೇ ನಡೆಯುತ್ತಾರೆ. ಉಪನಿರ್ದೇಶಕರು ಮೊನ್ನೆ ಮುಳ್ಳು ತರಚಿತೆಂದು ಅರ್ಧ ದಿನ ರಜೆ ಪಡೆದರು. ಹೆಂಡತಿ ಮೊದಮೊದಲು ಒಂದು ವಾರ ಮಾತು ಬಿಟ್ಟಿದ್ದರು. ಅಕ್ಕಪಕ್ಕದವರೆಲ್ಲ ಅಧಿಕಾರಿಗಳ ಹೆಂಡತಿ ಎನ್ನತೊಡಗಿದ ಮೇಲೆ ಗಳ ಹಿಡಿದು ಬಂದರು. ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ಇವರು, ನಡುವೆ ಬಿಸಿಲು.

“ಏನ್ರೀ, ಇದ್ದೀರಾ?”

“ಇದ್ದೀನಿ ಕಣೇ.”

“ಸೊರಗಿದ್ದೀರಾ ಏನು?”

“ನಿಂಗೆ ಹೇಗೆ ಗೊತ್ತಾಗುತ್ತೆ? ಪೊದೆ ಅಡ್ಡ ಇದೆಯಲ್ಲ.”

“ಅದೂ ಹೌದು,” ಎಂದು ಆಕೆ ಡಬ್ಬಿ ಸಿಕ್ಕಿಸಿದ ಗಳವನ್ನು ಚಾಚಿದರು.

“ಇನ್ನೂ ಸ್ವಲ್ಪ ಮೇಲೆತ್ತು ಕಣೇ,” ಎಂದರು ಪ್ರಭಾರ ಅಧಿಕಾರಿಗಳು. “ಮುಳ್ಳಿಗೆ ಸಿಕ್ಕೊಳ್ಳುತ್ತೆ.”

ಆಕೆ ತುದಿಗಾಲಲ್ಲಿ ನಿಂತು ಗಳವನ್ನು ಇನ್ನಷ್ಟು ಮೇಲೆತ್ತಿದರು.