ಹೊಗೆ ಉಣ್ಣುವ ಕಾರು

ನನ್ನ ನೆನಪನ್ನು ನಾನು ನಂಬುವುದಿಲ್ಲ. ಪುರಾವೆಯಿಲ್ಲದೆ ಏನನ್ನೂ ಒಪ್ಪಬೇಡಿ ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ನಾನು ಅನುಮಾನವನ್ನು ದೇವರಿಂದ ಶುರುಮಾಡಿ ಮನೆಯ ಬೀಗಕ್ಕೆ ಬಂದು ನಿಂತೆ. ಬೀಗ ಹಾಕಿದ್ದು ನೆನಪಿರುತ್ತದೆ, ನಿಜ; ಆದರೆ ಅದು ಇವತ್ತಿನ ನೆನಪೋ ನಿನ್ನೆಯದೋ? ಹಾಗಾಗಿ ಕಾರನ್ನು ಗೇಟಿನ ಮುಂದೆ ಚಾಲೂ ಇಟ್ಟು, ಮತ್ತೆ ಬಾಗಿಲು ತೆರೆದು, ಗ್ಯಾಸ್ ನೋಡಿ, ಬೀಗ ಜಗ್ಗಿ ಬರುತ್ತೇನೆ. ಹೆಂಡತಿ ಸುಧಾ ಅಷ್ಟು ಹೊತ್ತೂ ಕಾರಿನಲ್ಲಿ ಕೂತು ವಿಷ್ಣುಸಹಸ್ರನಾಮ ಹೇಳಿಕೊಳ್ಳುತ್ತಾಳೆ. ಬಹಳ ಸಲ ಮುಗಿದೂ ಹೋಗುತ್ತದೆ.

ಇಂಥವನ ಡೀಸೆಲ್ ಕಾರಿಗೆ ಕಾಯಿಲೆ ಬಂತು. ನಿಂತಲ್ಲಿ ನಡುಗುವುದು, ಕರಿ ಹೊಗೆ ಉಗುಳುವುದು, ಏರಿನಲ್ಲಿ ದಮ್ಮು ಕಳೆದುಕೊಳ್ಳುವುದು. ಅತ್ತೆಯವರನ್ನು ದೇವದುರ್ಗದಿಂದ ರಾಯಚೂರಿಗೆ ಕರೆತರುವಾಗ ಕಲ್ಮಲದಲ್ಲಿ ನಡುರಸ್ತೆಯಲ್ಲೇ ಆರಿಹೋಯಿತು. "ಸಂಧ್ಯಾವಂದನಿ ಮಾಡಲಾರದವರ ಗಾಡಿ ಇನ್ನ ಹೆಂಗ ಓಡ್ತದ? ನಾ ಇದನ್ನ ಮತ್ತ ಹತ್ತಂಗಿಲ್ಲ" ಎಂದು ಅತ್ತೆಯವರು ತೀರ್ಪು ಕೊಟ್ಟರು.

ತೀರ್ಪು ತಪ್ಪಾದ ಹೊತ್ತಿಗೆ ಬಂದಿತ್ತು. ಮಾನ್ವಿಯಲ್ಲಿ ಅವರ ತಂಗಿ ಕಾಲು ಮುರಿದುಕೊಂಡು ಮಲಗಿದ್ದರು. ಹೇಗೋ ದೇವದುರ್ಗಕ್ಕೆ ಮರಳಿದ್ದ ಅತ್ತೆಯವರಿಗೆ ಬಸ್ಸು ಹತ್ತಿದರೆ ವಾಂತಿ, ನನ್ನ ಕಾರು ಹತ್ತಲು ಮನಸ್ಸಿಲ್ಲ. ಅಕ್ಕತಂಗಿಯರು ಫೋನಿನಲ್ಲೇ ಅಳುತ್ತಿದ್ದರು. "ನೀವು ಗಾಡಿ ರಿಪೇರಿ ಮಾಡಿಸ್ರಿ, ಅವ್ವನ್ನ ಒಪ್ಪಸೋದು ನನಗ ಬಿಡ್ರಿ" ಎಂದಳು ಸುಧಾ.

ಗ್ಯಾರೇಜಿನ ಖಾಜಾಭಾಯಿ ಮಾತಿನ ಮನುಷ್ಯ. ಕಾರಿಗೆ ಸ್ಕ್ಯಾನರ್ ಚುಚ್ಚಿ, "ಇಜಿಆರ್ ಲೈನದಾಗ ಗಡಬಡ ತೋರಸಾಕತ್ತದ ಸರ್. ಆದ್ರ ಈ ಮಷೀನು ಬರೇ ಮೊಹಲ್ಲಾ ಹೇಳ್ತದ, ಮನಿ ನಾವೇ ಹುಡಕ್ಬೇಕು" ಎಂದ. ಎಂಜಿನ್ ಬಿಟ್ಟ ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಎಂಜಿನ್ನಿಗೇ ಉಣ್ಣಿಸುವ ವ್ಯವಸ್ಥೆಯಂತೆ ಅದು. ವೈರೋ, ಪೈಪೋ, ವಾಲ್ವೋ ಗೊತ್ತಾಗಬೇಕಿತ್ತು.

"ಥಂಡಿ ಇದ್ದಾಗ ನಡಗ್ತದೋ, ಗರಂ ಆದ ಮ್ಯಾಲೋ?"

"ಗರಂ ಆದ ಮೇಲೆ ಅನಿಸ್ತದ. ಆದ್ರ ಹಂಗ ಅನಿಸಿದ್ದು ನಿಜಾನೋ ಏನೋ…"

"ಎರಡೂ ಹೊತ್ತು ನಡಗ್ತದ" ಎಂದು ಸುಧಾ ನಡುವೆ ಬಂದಳು. "ಇವ್ರು ಬೀಗ ನೋಡಿ ಬರೂತನಕ ಅದರಾಗ ಕೂಡಾಕಿ ನಾನು."

ಖಾಜಾಭಾಯಿ ಮೊದಲು ವೈರಿನ ಮೇಲೆ ಅನುಮಾನಪಟ್ಟು ಬೇರೆ ಹಾಕಿದ. ನಡುಕ ಹಾಗೇ ಇತ್ತು. ಪೈಪು ಸೋರುತ್ತದೆಂದು ಆಣೆ ಮಾಡಿ ಹೇಳಿದ. ಸೋರಲಿಲ್ಲ. ಕೊನೆಗೆ ವಾಲ್ವ್ ಬಿಚ್ಚಿದರೆ ಒಳಗೆ ಗಾಣದ ಹಿಂಡಿಯಂತೆ ಮಸಿ. ಮುಚ್ಚಬೇಕಾದ ಬಾಯಿ ತೆರೆದೇ ಕೂತಿತ್ತು. "ಚಾಲೂ ಇಟ್ಟು ಬಾಳ ಹೊತ್ತು ನಿಲ್ಲಸ್ತೀರಿ, ದೌಡಸಂಗಿಲ್ಲ. ಮಸಿ ಕೂಡ್ತದ" ಎಂದ. ಸುಧಾ ಬೀಗದ ಕೈ ಗಲಗಲ ಅಲ್ಲಾಡಿಸಿದಳು. ಪುರಾವೆ ಬೇಕಲ್ಲ ಎಂದು ನಾನು ವಾಲ್ವಿನೊಳಗೆ ಬೆರಳಾಡಿಸಿ ನೋಡಿದೆ. ಅದೇ ಬೆರಳಿಂದ ಹಣೆ ತುರಿಸಿಕೊಂಡದ್ದು ಆಗಲೇ ಇರಬೇಕು.

ತೊಳೆದು ಜೋಡಿಸಿದ ಮೇಲೆ ಕಾರು ಮಾತು ಕೇಳುವ ಎತ್ತಿನಂತಾಯಿತು. ನೇರ ದೇವದುರ್ಗಕ್ಕೆ ಹೊರಟೆವು. ಬಾಗಿಲಲ್ಲಿ ನಿಂತ ಅತ್ತೆಯವರು ನನ್ನ ಮುಖ ನೋಡಿ ಬೆರಗಾದರು.

"ಅಯ್ಯ ಸುಧಾ! ಅಂಗಾರ ಹಚ್ಚಿಕೊಂಡು ಬಂದಾರಲ್ಲೇ!"

ನಮ್ಮಲ್ಲಿ ಪೂಜೆ ಮುಗಿಸಿದ ಗಂಡಸರು ಹಣೆಗೆ ಉದ್ದಕ್ಕೆ ಎಳೆದುಕೊಳ್ಳುವ ಕರಿ ಗೆರೆ ಅಂಗಾರ. ಅದರ ಕೆಳಗೆ ಅಕ್ಷತೆಯ ಕೆಂಪು ಬೊಟ್ಟು ಇರಬೇಕು. ಉಪವಾಸದ ಏಕಾದಶಿಯಂದು ಮಾತ್ರ ಇರುವುದಿಲ್ಲ. ಅವತ್ತು ಏಕಾದಶಿ. ನನ್ನ ಹಣೆ ಶಾಸ್ತ್ರಕ್ಕೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ದಾರಿಯುದ್ದಕ್ಕೂ ಅದನ್ನು ನೋಡಿಯೂ ಸುಮ್ಮನಿದ್ದ ಸುಧಾ, "ಹತ್ತವ್ವಾ ಇನ್ನ" ಎಂದಳು. ಅತ್ತೆಯವರು ಹತ್ತಿದರು. ಮಾನ್ವಿಯವರೆಗೆ ಕಾರು ಒಮ್ಮೆಯೂ ನಡುಗಲಿಲ್ಲ. "ನೋಡಿದ್ಯಾ?" ಎಂದು ಅವರು ಮಗಳಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು.

ಅಕ್ಕತಂಗಿಯರು ಕೈ ಹಿಡಿದುಕೊಂಡು ಮನಸಾರೆ ಅತ್ತರು. ಆಮೇಲೆ ತಂಗಿಗೆ ನನ್ನ ನೆನಪಾಯಿತು. ಏಕಾದಶಿಯಲ್ಲೂ ನನ್ನೊಬ್ಬನಿಗೆ ಅವಲಕ್ಕಿ ಕಲಸಿಡುವುದು ಆ ಮನೆಯವರ ಹಳೆಯ ಔದಾರ್ಯ. ಮುಂಜಾನೆಯಿಂದ ಗ್ಯಾರೇಜಿನಲ್ಲಿದ್ದ ನನ್ನ ಹೊಟ್ಟೆ ಅದನ್ನೇ ಕಾಯುತ್ತಿತ್ತು.

"ಬ್ಯಾಡವಾ" ಎಂದರು ಅತ್ತೆಯವರು ಹೆಮ್ಮೆಯಿಂದ. "ಇವತ್ತ ಅವರದೂ ಉಪವಾಸ. ಹಣಿ ನೋಡಲ್ಲಿ."

ಸುಧಾ ಸೆರಗು ಬಾಯಿಗೆ ಒತ್ತಿ ಒಳಗೆ ಹೋದಳು. ಹಣೆ ಒರೆಸಿಕೊಂಡಿದ್ದರೆ ಅವಲಕ್ಕಿ ಸಿಗುತ್ತಿತ್ತು; ಆದರೆ ಅತ್ತೆಯವರು ಅದೇ ಕಾರಿನಲ್ಲಿ ದೇವದುರ್ಗಕ್ಕೆ ಮರಳಬೇಕಲ್ಲ. ಕೈ ತೊಳೆಯುವ ನೆಪದಲ್ಲಿ ಎದ್ದು ಬಚ್ಚಲ ಕನ್ನಡಿಯಲ್ಲಿ ನೋಡಿಕೊಂಡೆ. ಬೆವರಿಗೆ ಗೆರೆ ಒಂದು ಕಡೆ ಅಳಿಸತೊಡಗಿತ್ತು. ಉಗುರಿನ ಸಂದಿಯಲ್ಲಿ ಉಳಿದಿದ್ದ ಮಸಿಯಿಂದ ಅದನ್ನು ನೆಟ್ಟಗೆ ತಿದ್ದಿಕೊಂಡು ಬಂದು ಕೂತೆ.