ಮಾರ್ಕ್ಸ್ ಕಡಿಮಿ ಹಾಕ್ರಿ

ಯರಗಟ್ಟಿ ಬಸ್ ನಿಲ್ದಾಣದ ಎದುರು ನನ್ನದೊಂದು ಝೆರಾಕ್ಸ್, ಟೈಪಿಂಗ್ ಅಂಗಡಿ. ನೌಕರಿಗೆಂದು ಬಯೋಡಾಟಾ ಮಾಡಿಸುವವರು ಬಂದ ದಿನ ನನಗೆ ಬೇರೆ ಮನರಂಜನೆ ಬೇಕಾಗುವುದಿಲ್ಲ. ಓದಿದ್ದು ಎಷ್ಟೇ ಇರಲಿ, ಅದನ್ನು ಹಾಳೆಗೆ ಇಳಿಸುವಾಗ ಎಂಥವರೂ ಒಂದಿಷ್ಟು ತಡವರಿಸುತ್ತಾರೆ.

ಅನುಭವ

ಮುನವಳ್ಳಿಯ ಯಜಮಾನರೊಬ್ಬರು ಮಗನನ್ನು ಕರೆತಂದರು. ಹುಡುಗ ಪಿಯುಸಿ ಪಾಸಾಗಲು ನಾಲ್ಕು ವರ್ಷ ಹಿಡಿದಿತ್ತು. "ಕೆಲಸದ ಅನುಭವ ಏನರ ಐತೇನಪಾ?" ಎಂದೆ. "ಏನಿಲ್ರಿ" ಎಂದು ತಲೆ ತಗ್ಗಿಸಿದ.

ಅಪ್ಪ ಗದರಿದರು: "ಇಲ್ಲ ಯಾಕಂತಿ? ಪರೀಕ್ಷಾ ಬರದ ಅನುಭವ ನಿನ್ನಷ್ಟ ಊರಾಗ ಯಾರಿಗೈತಿ? ಹಾಕ್ರಿ ಅಕ್ಕಾರ, ನಾಲ್ಕ ವರ್ಷ."

ಬಲ್ಲವರು

ಇನ್ನೊಬ್ಬ ತರುಣನಿಗೆ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ ಬೇಕಿತ್ತು. ಎಲ್ಲ ಮುಗಿದ ಮೇಲೆ, "ನಿಮ್ಮನ್ನ ಚಲೋತ್ನಂಗ ಬಲ್ಲ ಇಬ್ಬರ ಹೆಸರು ಹೇಳ್ರಿ. ಶೋರೂಮಿನವರು ಅವರಿಗೆ ಫೋನ್ ಹಚ್ಚಿ ನಿಮ್ಮ ಬಗ್ಗೆ ಕೇಳತಾರ" ಎಂದೆ.

ಬಹಳ ಹೊತ್ತು ತಲೆ ಕೆರೆದುಕೊಂಡ. "ಅಷ್ಟ ಚಲೋತ್ನಂಗ ಬಲ್ಲವರು ಬ್ಯಾಡ್ರಿ ಅಕ್ಕಾರ. ಬರೇ ಮುಖಾ ನೋಡಿದವರು ನಡಿಯೂದಿಲ್ಲೇನ್ರಿ?"

ದೃಷ್ಟಿ

ಮಾರ್ಕ್ಸ್ ಒಂದೆರಡು ಏರಿಸಿ ಎಂದು ಗೋಗರೆಯುವವರು ಬೇಕಾದಷ್ಟು. ಇಳಿಸಿ ಎಂದವರು ಸಿರಸಂಗಿಯ ಒಬ್ಬ ತಾಯಿ ಮಾತ್ರ. ಮಗಳು ಬಿಎಸ್ಸಿಯಲ್ಲಿ ಕಾಲೇಜಿಗೇ ಮೊದಲು. ಸಕ್ಕರೆ ಕಾರ್ಖಾನೆಯ ಲ್ಯಾಬಿಗೆ ಅರ್ಜಿ ಹಾಕಬೇಕಿತ್ತು. ಆ ಮನೆಯಲ್ಲಿ ಅದುವರೆಗೆ ನೌಕರಿಯ ಮುಖ ಕಂಡವರೇ ಇರಲಿಲ್ಲ. ನಾನು ತೊಂಬತ್ತೆರಡು ಎಂದು ಟೈಪ್ ಮಾಡಿದ್ದೇ ತಡ, ತಾಯಿ ಕಂಪ್ಯೂಟರಿಗೆ ಸೆರಗು ಅಡ್ಡ ಹಿಡಿದರು.

"ಮಂದಿ ನೋಡತಾರ್ರಿ. ಎಪ್ಪತ್ತ ಹಾಕ್ರಿ, ದೃಷ್ಟಿ ಆಗತೈತಿ."

"ಕಡಿಮಿ ಹಾಕಿದ್ರ ಕೆಲಸಾ ಸಿಗಾಂಗಿಲ್ರಿ" ಎಂದೆ.

ಮಗಳು ಅಳುವುದೊಂದು ಬಾಕಿ. "ಯವ್ವಾ, ರಾತ್ರಿ ಹಗಲಿ ಓದಿದಾಕಿ ನಾನು. ಇದ್ದಷ್ಟ ಇರಲಿ ಬಿಡ."

ತಾಯಿ ಯೋಚಿಸಿ, "ಹಂಗಾರ ಫೋಟೋದಾಗ ಗಲ್ಲಕ್ಕೊಂದು ಕಾಡಿಗಿ ಬೊಟ್ಟ ಇಡ್ರಿ" ಎಂದರು. ಕಂಪ್ಯೂಟರಿನಲ್ಲೇ ಇಟ್ಟೆ. ಅದೂ ಒಂದು ವಿದ್ಯಾರ್ಹತೆಯೇ ಎಂಬಂತೆ ಎದ್ದು ಕಾಣುತ್ತಿತ್ತು.

ಸಂದರ್ಶನದಲ್ಲಿ ಸಾಹೇಬರು, "ನಿಮ್ಮ ದೌರ್ಬಲ್ಯ ಏನು?" ಎಂದು ಕೇಳಿದರಂತೆ. "ನಮ್ಮವ್ವ ರೀ. ಹೊರಗ ಕುಂತಾಳ" ಎಂದಳಂತೆ ಹುಡುಗಿ. ಎಲ್ಲರೂ ನಕ್ಕರಂತೆ. ಆಮೇಲೆ ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಳಂತೆ, ಕೆಲಸ ಸಿಕ್ಕಿತು. ಸುದ್ದಿ ಕೇಳಿ ನನಗೆ ನನ್ನ ಸ್ವಂತ ತಂಗಿಗೇ ಸಿಕ್ಕಷ್ಟು ಸಂತೋಷವಾಯಿತು.

ಮರುವಾರ ತಾಯಿ ಪೇಢಾ ಡಬ್ಬಿ ಹಿಡಿದು ಬಂದರು. ಅಂಗಡಿಯಲ್ಲಿದ್ದ ಪರಿಚಯವಿಲ್ಲದವರಿಗೂ ಎರಡೆರಡು ಹಂಚಿದರು. "ಮಗಳಿಗೆ ಏನ್ ಕೆಲಸಾ ಸಿಕ್ತ್ರಿ?" ಎಂದು ಅವರಲ್ಲೊಬ್ಬರು ಕೇಳಿದರು.

ತಾಯಿ ಕೂಡಲೇ ಮುಖ ಸಣ್ಣದು ಮಾಡಿಕೊಂಡರು. "ಏನೈತ್ರಿ, ಬಾಟ್ಲಿ ತೊಳಿಯೂ ಕೆಲಸಾ. ಅದಾದ್ರೂ ಎಷ್ಟ ದಿನ ಇರತೈತೋ ಏನೋ. ಇನ್ನೊಂದ ಪೇಢಾ ತಗೋರಿ."